ಪದಚರ್ಚೆ: 'ಮುಸುಕು' ಸಾಕೇ, ಬೇರೆ ಪದ ಬೇಕೇ? (ತುರ್ತು)

ರಾಯಚೂರಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ನಮ್ಮ ಓದುಗರ ಬಳಗ ಈ ಭಾನುವಾರ ಹೈದರಾಬಾದಿಗೆ, ಸಾಲಾರ್ ಜಂಗ್ ಮ್ಯೂಸಿಯಂ ನೋಡಲು ಹೊರಟಿದೆ. ಬಸ್ಸಿನಲ್ಲಿ ಹಂಚಲು ಒಂದು ಪುಟ್ಟ ಪ್ಯಾಂಪ್ಲೆಟ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಶುಕ್ರವಾರ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಕೊಡಬೇಕು.

ಎರಡು ಶಿಲ್ಪಗಳ ಬಗ್ಗೆ ಬರೆದಿದ್ದೇನೆ. ಮೊದಲನೆಯದು ಇಟಲಿಯ ಬೆನ್ಜೋನಿ ಕಡೆದ 'ವೇಲ್ಡ್ ರೆಬೆಕ್ಕಾ' (Veiled Rebecca). ಹೈದರಾಬಾದಿನ ದಿವಾನ ಒಂದನೆಯ ಸಾಲಾರ್ ಜಂಗ್ 1876ರಲ್ಲಿ ರೋಮ್‌ನಿಂದ ತಂದದ್ದು. ಅಮೃತಶಿಲೆಯ ಹೆಣ್ಣು, ಮುಖದ ಮೇಲೆ ಅಮೃತಶಿಲೆಯದೇ ತೆಳುಬಟ್ಟೆ. ಆ ಕಲ್ಲಿನ ಬಟ್ಟೆಯೊಳಗಿಂದ ಮೂಗು, ತುಟಿ, ರೆಪ್ಪೆ ಎಲ್ಲ ಕಾಣುತ್ತವೆ. ಎರಡನೆಯದು ಒಂದೇ ಮರದ ದಿಮ್ಮಿಯಲ್ಲಿ ಕೊರೆದ ಜೋಡಿ ಆಕೃತಿ. ಮುಂದಿನಿಂದ ನೋಡಿದರೆ ಸೆಟೆದು ನಿಂತ ಗಯಟೆಯ 'ಫೌಸ್ಟ್' ನಾಟಕದ ಮೆಫಿಸ್ಟೋಫಿಲಿಸ್ ಎಂಬ ಸೈತಾನ. ಹಿಂದಿನ ಕನ್ನಡಿಯಲ್ಲಿ ನೋಡಿದರೆ ತಲೆ ತಗ್ಗಿಸಿದ, ಅದೇ ನಾಟಕದ ಹುಡುಗಿ ಮಾರ್ಗರೇಟಾ.

ನನಗೆ ಬೇಕಾದದ್ದು ಎರಡು. ರೆಬೆಕ್ಕಾ ಶಿಲ್ಪಕ್ಕೆ ಕನ್ನಡ ಹೆಸರು. ಇಡೀ ಬರಹಕ್ಕೆ ಒಂದು ತಲೆಬರಹ. ನಾವು ನಮ್ಮ ಬಗ್ಗೆ ಏನನ್ನು ಮುಚ್ಚಿಡುತ್ತೇವೆ ಎಂಬುದೇ ಬರಹದ ವಿಷಯ. ಹಾಗಾಗಿ ಬಟ್ಟೆಗೂ ಒಗ್ಗಬೇಕು, ಮನಸ್ಸಿಗೂ ಒಗ್ಗಬೇಕು. 'ಮುಸುಕು' ಎಂದರೆ ಪೇಪರಿನ 'ಮುಸುಕುಧಾರಿಗಳಿಂದ ದರೋಡೆ' ನೆನಪಾಗುತ್ತದೆ. 'ಪರದೆ' ಎಂದರೆ ಕಿಟಕಿ ಕಣ್ಣಮುಂದೆ ಬರುತ್ತದೆ. ಮುಸುಕಿಗೆ ಸಂಸ್ಕೃತದ 'ಅವಗುಂಠನ' ಬರೆದರೆ ಬಸ್ಸಿನಲ್ಲಿ ಅರ್ಧ ಜನಕ್ಕೆ ಅರ್ಥ ಹೇಳುತ್ತಾ ಕೂರಬೇಕು. ದಾರಿ ತೋರಿಸಿ.

ಮೈಸೂರಿನಿಂದ:

ಮುಸುಕು. ಇದರಲ್ಲಿ ಚರ್ಚೆಗೇನಿದೆ?

ಮುಚ್ಚು, ಮುಸುಕು ಎರಡೂ ಒಂದೇ ಬೇರಿನವು. ತೆಲುಗಿನಲ್ಲಿ ಮುಸುಗು. ರಾಯಚೂರಿನವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಮೋಡ ಮುಸುಕುತ್ತದೆ, ಮಂಜು ಮುಸುಕುತ್ತದೆ, ಚಳಿಗಾಲದಲ್ಲಿ ಎಲ್ಲರೂ ಮುಸುಕು ಹಾಕಿ ಮಲಗುತ್ತಾರೆ. ಮುಸುಕಿನ ಜೋಳ ತಿನ್ನುವಾಗ ಯಾರಿಗಾದರೂ ದರೋಡೆಕೋರ ನೆನಪಾಗುತ್ತಾನೆಯೇ? ಪತ್ರಿಕೆಯವರು ಒಂದು ಪದವನ್ನು ಕಳ್ಳರ ಜೊತೆ ಕಟ್ಟಿದರೆ ನಾವು ಅದನ್ನು ಅವರಿಗೇ ಬಿಟ್ಟುಕೊಡಬೇಕೇ?

ಶಿಲ್ಪಕ್ಕೆ 'ಮುಸುಕಿನ ರೆಬೆಕ್ಕ'. ತಲೆಬರಹ 'ಮುಸುಕು'. ಅವಗುಂಠನವನ್ನು ಮ್ಯೂಸಿಯಂನಲ್ಲೇ ಬಿಟ್ಟು ಬನ್ನಿ. ಇನ್ನೊಂದು ಮಾತು. ಅದು ಪ್ಯಾಂಪ್ಲೆಟ್ ಅಲ್ಲ, ಕೈಹಾಳೆ.

ಧಾರವಾಡದಿಂದ:

ಮೈಸೂರಿನವರು ಎಂದಿನಂತೆ ಬಾಗಿಲು ಹಾಕಿ ಚಿಲಕ ಜಡಿದಿದ್ದಾರೆ. ನಮ್ಮ ಕಡೆ ಮುಸುಕಿನ ಜೋಳಕ್ಕೆ ಗೋವಿನಜೋಳ ಎನ್ನುತ್ತೇವೆ, ಹಾಗಾಗಿ ಆ ಉದಾಹರಣೆ ನನಗೆ ನಾಟಲಿಲ್ಲ. ನಾಟಿದವರಿಗಾದರೂ 'ಮುಸುಕಿನ ರೆಬೆಕ್ಕ' ಎಂದಾಗ ತೆನೆಯೇ ಕಣ್ಣಿಗೆ ಬಂದೀತು. 'ಮುಸುಕಿನ ಗುದ್ದಾಟ'ವನ್ನು ಬೇರೆ ಅವರು ಮರೆತಿದ್ದಾರೆ.

ಅವಗುಂಠನವನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ ಮೇಡಂ. ನಿಮ್ಮ ವಿಷಯಕ್ಕೆ ಅದು ಸರಿಯಾಗಿ ಕೂರುವ ಜಾಗ ಶಾಕುಂತಲದ ಐದನೆಯ ಅಂಕ. ಶಕುಂತಲೆ ಆಸ್ಥಾನಕ್ಕೆ ಬರುತ್ತಾಳೆ. 'ಅವಗುಂಠನವತಿಯಾದ ಈಕೆ ಯಾರು?' ಎಂದು ದುಷ್ಯಂತ ಕೇಳುತ್ತಾನೆ. ಗೌತಮಿ ಹೇಳುತ್ತಾಳೆ, ಸ್ವಲ್ಪ ಹೊತ್ತು ನಾಚಿಕೆ ಬಿಡು ಮಗಳೇ, ನಿನ್ನ ಅವಗುಂಠನ ಸರಿಸುತ್ತೇನೆ, ಆಗ ಗಂಡ ನಿನ್ನನ್ನು ಗುರುತಿಸುತ್ತಾನೆ ಎಂದು. ಸರಿಸುತ್ತಾಳೆ. ಅವನು ಗುರುತಿಸುವುದಿಲ್ಲ! ಬಟ್ಟೆ ಇದ್ದದ್ದು ಅವಳ ಮುಖದ ಮೇಲೆ. ಕತ್ತಲೆ ಇದ್ದದ್ದು ಅವನ ನೆನಪಿನ ಮೇಲೆ. ಇದನ್ನು ಬಿಟ್ಟು ಜೋಳದ ಸಿಪ್ಪೆಗೆ ಹೋಗುವುದೇ?

ಬೆಂಗಳೂರಿನಿಂದ:

ಸುಮ್ನೆ 'ವೇಲ್' ಅಂತಲೇ ಬರೆದರೆ ಏನು ತಪ್ಪು? ಅಂಗಡಿಗೆ ಹೋದರೆ ಚೂಡಿದಾರಕ್ಕೆ ಮ್ಯಾಚಿಂಗ್ ವೇಲ್ ಕೊಡಿ ಅಂತಲೇ ಎಲ್ಲರೂ ಕೇಳುವುದು. ಬಸ್ಸಿನಲ್ಲಿರುವ ಅಜ್ಜಿಯಿಂದ ಹಿಡಿದು ಮೊಮ್ಮಗಳವರೆಗೆ ಎಲ್ಲರಿಗೂ ಗೊತ್ತು. ಕನ್ನಡದ ಪದವೇ ಆಗಿಹೋಗಿದೆ, ಅಲ್ವಾ?

ಮೈಸೂರಿನಿಂದ:

ಆ ವೇಲ್ ಹೆಗಲ ಮೇಲಿರುತ್ತದೆ, ಮುಖದ ಮೇಲಲ್ಲ. ರೆಬೆಕ್ಕ ಚೂಡಿದಾರ ಹಾಕಿಲ್ಲ. ಮುಂದೆ.

ಪುತ್ತೂರಿನಿಂದ:

'ತೆರೆ'ಯನ್ನು ಯಾರೂ ಹೇಳಲೇ ಇಲ್ಲ, ಆಶ್ಚರ್ಯ. ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಆಟದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವುದನ್ನು ನೋಡಿದವರಿಗೆ ಇದು ಗೊತ್ತು. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದೆ ರಾಕ್ಷಸ ಕುಣಿಯುತ್ತಾನೆ. ಒಮ್ಮೆ ಕಿರೀಟದ ತುದಿ, ಒಮ್ಮೆ ಕೈ, ಒಮ್ಮೆ ಮುಖ ಮಿಂಚಿ ಮಾಯ. ತೆರೆ ಇಲ್ಲದೆ ಅವನು ನಡೆದುಕೊಂಡು ಬಂದಿದ್ದರೆ ಮಕ್ಕಳು ಅಷ್ಟು ಹೆದರುತ್ತಿರಲಿಲ್ಲ. ಮುಚ್ಚಿದ್ದರಿಂದಲೇ ಅವನು ದೊಡ್ಡವನಾಗುವುದು. ರೆಬೆಕ್ಕಳ ಕಥೆಯೂ ಅದೇ ತಾನೇ? ಬಟ್ಟೆ ಇಲ್ಲದ ಮುಖವಾಗಿದ್ದರೆ ಆ ಶಿಲ್ಪದ ಮುಂದೆ ಯಾರು ನಿಲ್ಲುತ್ತಿದ್ದರು?

ಇನ್ನೊಂದು ಚಂದ ನೋಡಿ. 'ತೆರೆ' ಎಂಬ ನಾಮಪದ ಮುಚ್ಚುತ್ತದೆ, 'ತೆರೆ' ಎಂಬ ಕ್ರಿಯಾಪದ ಬಿಚ್ಚುತ್ತದೆ. ಅಡಗಿಸುವುದು, ತೋರಿಸುವುದು ಎರಡನ್ನೂ ನಮ್ಮ ಹಿರಿಯರು ಒಂದೇ ಪದದಲ್ಲಿ ಇಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ತಲೆಬರಹ ಸಿಗಲಿಕ್ಕಿಲ್ಲ.

ಮೈಸೂರಿನಿಂದ:

ಹಿರಿಯರು ಹಾಗೆ ಇಟ್ಟಿಲ್ಲ. ಇಟ್ಟದ್ದು ನಾವು, ಅಕ್ಷರ ಕಳೆದುಕೊಂಡು.

ಪರದೆಯ ತೆರೆ, ಅಲೆಯ ತೆರೆ ಮಾಮೂಲಿ ರೇಫದ್ದು, ಅಂದರೆ ಈಗಿನ ರ. ತಮಿಳಿನ ತಿರೈ ನೋಡಿ, ಅಲ್ಲೂ ಅಲೆ ಮತ್ತು ಪರದೆ ಎರಡೂ ಅರ್ಥ ಇವೆ. ಬಾಗಿಲು ತೆರೆಯುವ ತೆರೆ ಶಕಟರೇಫದ್ದು, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ್ದು, ಹಳಗನ್ನಡದಲ್ಲಿ ತೆಱೆ. ತಮಿಳಿನಲ್ಲಿ ತಿಱ. ಬೇರೆ ಬೇರೆ ಬೇರು. ಱಕಾರ ಹೋಯಿತು, ಎರಡೂ ಒಂದೇ ಥರ ಕಂಡವು, ಅಷ್ಟೇ. ಈ ಥರದ ಶ್ಲೇಷೆಗಳನ್ನು ಹಿರಿಯರ ತಲೆಗೆ ಕಟ್ಟುವ ಚಾಳಿ ಈ ಚರ್ಚಾಪಟ್ಟಿಯಲ್ಲಿ ಜಾಸ್ತಿಯಾಗಿದೆ.

ತೆರೆ ಒಳ್ಳೆಯ ಪದ. ಕಿರುತೆರೆ, ಬೆಳ್ಳಿತೆರೆ ಎಲ್ಲ ಸರಿ. ಆದರೆ ತೆರೆಯನ್ನು ಹಿಡಿಯಲು ಇಬ್ಬರು ಬೇಕು, ಇಲ್ಲವೇ ಕಂಬ ಬೇಕು. ಹೆಣ್ಣೊಬ್ಬಳು ತೆರೆ ಹೊದ್ದುಕೊಳ್ಳುವುದಿಲ್ಲ.

ಮಂಗಳೂರಿನಿಂದ:

ರೆಬೆಕ್ಕ ಯಾರು ಎಂದು ಯಾರೂ ಕೇಳದೆ ಅವಳಿಗೆ ಬಟ್ಟೆ ಹುಡುಕುತ್ತಿದ್ದೀರಿ. ಆದಿಕಾಂಡದ 24ನೇ ಅಧ್ಯಾಯ. ಒಂಟೆಯ ಮೇಲೆ ಬರುತ್ತಿದ್ದಾಳೆ. ಹೊಲದಲ್ಲಿ ಎದುರು ಬರುವವನು ಯಾರೆಂದು ಆಳನ್ನು ಕೇಳುತ್ತಾಳೆ. ಅವನೇ ಇಸಾಕ, ಮದುವೆಯಾಗಬೇಕಾದವನು. ಆಗ ಅವಳೇ ಮುಸುಕು ತೆಗೆದುಕೊಂಡು ಹೊದೆಯುತ್ತಾಳೆ. ಅಲ್ಲಿಯವರೆಗಿನ ದಾರಿಯಲ್ಲಿ ಮುಸುಕಿನ ಮಾತೇ ಇಲ್ಲ.

ಮೇಡಂ ಅವರ ವಿಷಯಕ್ಕೆ ಬೇಕಾದದ್ದು ಮಾತ್ರ ಮುಂದೆ 27ನೇ ಅಧ್ಯಾಯದಲ್ಲಿದೆ. ಇದೇ ರೆಬೆಕ್ಕ, ಈಗ ಇಬ್ಬರು ಮಕ್ಕಳ ತಾಯಿ. ಕಣ್ಣು ಮಂಜಾದ ಗಂಡನಿಗೆ ಮೋಸ ಮಾಡಲು ಕಿರಿಯ ಮಗ ಯಾಕೋಬನಿಗೆ ಅಣ್ಣನ ಬಟ್ಟೆ ತೊಡಿಸುತ್ತಾಳೆ. ಅಣ್ಣನ ಮೈತುಂಬ ರೋಮ. ಅದಕ್ಕೆ ಇವನ ಕೈಗೆ, ಕೊರಳಿಗೆ ಆಡಿನ ಮರಿಯ ಚರ್ಮ ಸುತ್ತುತ್ತಾಳೆ. ಮುದುಕ ಮುಟ್ಟಿ ನೋಡಿ ನಂಬುತ್ತಾನೆ. ಮುಸುಕು ಹೊದ್ದ ದಿನ ಅವಳು ಏನನ್ನೂ ಅಡಗಿಸಿರಲಿಲ್ಲ. ಅಡಗಿಸಿದ ದಿನ ಮುಸುಕು ಇರಲಿಲ್ಲ. ಪದ ಯಾವುದೇ ಇರಲಿ, ಇದನ್ನು ಒಂದು ಸಾಲು ಸೇರಿಸಿ.

ಫ್ರೀಮಾಂಟ್‌ನಿಂದ (ಅಮೆರಿಕ; ಮೂಲತಃ ಶಿರಸಿ):

ಮಂಗಳೂರಿನವರ ಮಾತೇ ನನಗೆ ದಾರಿ ತೋರಿಸಿತು. ಇಲ್ಲಿ ಎರಡು ಬೇರೆ ಕೆಲಸಗಳಿವೆ, ಒಂದೇ ಪದ ಹುಡುಕುತ್ತಿದ್ದೇವೆ. ಬಟ್ಟೆಗೆ ಮುಸುಕು ಸರಿ. ತಲೆಬರಹಕ್ಕೆ ಸಾಲದು. ಯಾಕೆಂದರೆ ಮೇಡಂ ಹೇಳಿದ ಎರಡನೇ ಶಿಲ್ಪದಲ್ಲಿ ಮುಸುಕೇ ಇಲ್ಲವಲ್ಲ! ಸೈತಾನನ ಬೆನ್ನೇ ಮಾರ್ಗರೇಟಾಳನ್ನು ಅಡಗಿಸುತ್ತದೆ, ಅವಳ ಬೆನ್ನು ಅವನನ್ನು.

ನನ್ನ ಓಟು 'ಮರೆ'ಗೆ. ಮರೆಗೆ ಬಟ್ಟೆಯೇ ಬೇಕೆಂದಿಲ್ಲ. ಎಲೆಮರೆ, ಗೋಡೆ ಮರೆ. ರಾಮ ವಾಲಿಗೆ ಬಾಣ ಬಿಟ್ಟದ್ದು ಮರದ ಮರೆಯಿಂದ. ನಮ್ಮ ಬಗ್ಗೆ ನಾವು ಏನನ್ನೋ ಹೇಳದಿದ್ದಾಗ ಕನ್ನಡದಲ್ಲಿ ಏನೆನ್ನುತ್ತೇವೆ? ಮರೆಮಾಚಿದರು ಎನ್ನುತ್ತೇವೆ. ಸಂಬಳ, ಕಾಯಿಲೆ, ಹಳೆಯ ಮದುವೆ, ಸಾಲ, ಎಲ್ಲವನ್ನೂ ಮರೆಮಾಚಬಹುದು. ಯಾರೂ ಸಾಲವನ್ನು ಮುಸುಕುವುದಿಲ್ಲ.

ಇನ್ನು ಮೈಸೂರಿನ ಸರ್‌ಗೆ ಒಂದು ಪ್ರಶ್ನೆ. ನೆನಪು ಹೋಗುವ 'ಮರೆ' ಮತ್ತು ಅಡ್ಡವಾಗುವ 'ಮರೆ', ಎರಡೂ ಹಳಗನ್ನಡದಲ್ಲಿ ಶಕಟರೇಫದವೇ ಅಲ್ಲವೇ? ಮಱೆ, ಮಱೆ. ತಮಿಳಿನಲ್ಲಿ ಮಱ ಎಂದರೆ ಮರೆತುಹೋಗು, ಮಱೈ ಎಂದರೆ ಅಡಗು. ತೆರೆಯ ವಿಷಯದಲ್ಲಿ ನಿಮ್ಮ ತಕರಾರು ಒಪ್ಪಿದೆ. ಇಲ್ಲಿ ಅದು ನಿಲ್ಲುವುದಿಲ್ಲ. ಧಾರವಾಡದವರ ದುಷ್ಯಂತನನ್ನು ಈಗ ಕರೆಯಿರಿ. ಗೌತಮಿ ಮುಸುಕು ಸರಿಸಿದಳು, ಮರೆ ಸರಿಯಲಿಲ್ಲ. ಅದು ಸರಿಯಲು ಮೀನಿನ ಹೊಟ್ಟೆಯಿಂದ ಉಂಗುರವೇ ಬರಬೇಕಾಯಿತು.

ಮೈಸೂರಿನಿಂದ:

ಎರಡೂ ಱ. ಸರಿ. ಮರೆ ನಡೆಯುತ್ತದೆ. ಅಚ್ಚಗನ್ನಡವೂ ಹೌದು. ಪರದೆಯಂಥ ಪಾರಸಿ ಪದಕ್ಕಿಂತ ಸಾವಿರ ಪಾಲು ಮೇಲು.

ಕಲಬುರಗಿಯಿಂದ:

ಬಂತು ನೋಡಿ. ಇಷ್ಟು ಹೊತ್ತು ಯಾಕೆ ಬರಲಿಲ್ಲ ಎಂದು ಕಾಯುತ್ತಿದ್ದೆ.

ಪಾರಸಿಯದು ಎಂಬ ಕಾರಣಕ್ಕೆ ಪದ ಕೀಳಾಗುವುದು ಯಾವ ವ್ಯಾಕರಣದಲ್ಲಿ ರೀ? ನಿಮ್ಮ ಮನೆ ಕಿಟಕಿಗೆ ಏನು ಕಟ್ಟಿದ್ದೀರಿ, ತೆರೆಯೇ? ಬೆಂಗಳೂರಿನ ಶಿವಾಜಿನಗರದಲ್ಲಿ ಗೋಷಾ ಆಸ್ಪತ್ರೆ ಇದೆ. ಗೋಷಾ, ಅಂದರೆ ಹೆಂಗಸರು ಪರದೆಯ ಹಿಂದೆ ಇರುವ ಪದ್ಧತಿ, ಕೂಡ ಪಾರಸಿ ಪದವೇ, ಮೂಲದಲ್ಲಿ 'ಮೂಲೆ' ಎಂದು ಅರ್ಥ. ಆ ಪದದ ಜೊತೆ ಹೆಂಗಸರ ಒಂದು ಇಡೀ ಬದುಕು ಇದೆ. ಅದನ್ನು 'ಮರೆಯ ಆಸ್ಪತ್ರೆ' ಎಂದು ಬದಲಿಸಿದರೆ ಬದುಕು ಅಚ್ಚಗನ್ನಡ ಆಗುತ್ತದೆಯೇ? ಅರಬ್ಬಿಯ ಹಿಜಾಬ್ ಕೂಡ ಮೂಲದಲ್ಲಿ ಅಡ್ಡಪರದೆ ಎಂಬ ಅರ್ಥದ್ದೇ. ಎಲ್ಲ ಭಾಷೆಯವರೂ ಇದೇ ದಾರಿಯಲ್ಲಿ ನಡೆದಿದ್ದಾರೆ.

ಧಾರವಾಡದಿಂದ:

ಕಲಬುರಗಿಯವರ ಜೊತೆ ನಾನಿದ್ದೇನೆ, ಕಾರಣ ಬೇರೆ. ನಾಟಕದ ಪರದೆಗೆ ಸಂಸ್ಕೃತದಲ್ಲಿರುವ 'ಯವನಿಕಾ'ವನ್ನೇ ತೆಗೆದುಕೊಳ್ಳಿ. ಯವನರ, ಅಂದರೆ ಗ್ರೀಕರ, ಸಂಬಂಧದ ಪದ ಎಂದು ಯುರೋಪಿನ ಪಂಡಿತರು ದೊಡ್ಡ ಕಥೆ ಕಟ್ಟಿದರು. ಭಾರತದ ನಾಟಕವೇ ಗ್ರೀಸಿನಿಂದ ಬಂತು ಎನ್ನುವವರೆಗೂ ಹೋದರು. ಪರದೆಯ ಬಟ್ಟೆ ಆ ಕಡೆಯಿಂದ ಬರುತ್ತಿತ್ತು, ಅಷ್ಟೇ ಎಂದು ಬೇರೆಯವರು ಅಂದರು. 'ಜವನಿಕಾ'ವೇ ಮೂಲ, ಜವ ಎಂದರೆ ವೇಗ ಎನ್ನುವವರೂ ಇದ್ದಾರೆ. ಕನ್ನಡ ಮಾತ್ರ ಈ ಜಗಳಕ್ಕೆ ಕಾಯಲಿಲ್ಲ. ಜವ್ವನ, ಜಾತ್ರೆ, ಜೋಗಿ ಇದ್ದ ಸಾಲಿನಲ್ಲಿ ಜವನಿಕೆಯನ್ನೂ ಕೂರಿಸಿತು. ಸಾಲ ತಂದ ಪದ ಎಂದು ಅದಕ್ಕೆ ಯಾರೂ ಕೆಂಪು ಚೀಟಿ ಅಂಟಿಸಲಿಲ್ಲ.

ಮೈಸೂರಿನಿಂದ:

ತಂದದ್ದು ತಪ್ಪು ಎಂದು ನಾನು ಹೇಳಿಲ್ಲ. ಮನೆಯಲ್ಲಿ ಇರುವಾಗ ತರುವುದು ಸೋಮಾರಿತನ ಎಂದೆ. ಜೋಗಿಯನ್ನು ಕನ್ನಡದ ನಾಲಿಗೆ ತಿದ್ದಿಕೊಂಡಿತು. 'ವೇಲ್ಡ್'ನ್ನು ಯಾರು ತಿದ್ದಿದ್ದಾರೆ?

ಬೆಂಗಳೂರಿನಿಂದ:

ಅಂಗಡಿಯವರು ತಿದ್ದಿದ್ದಾರೆ ಸರ್. 'ವೇಲು' ಅನ್ನುತ್ತಾರೆ.

ಕಲಬುರಗಿಯಿಂದ:

ಭೇಷ್.

ರಾಯಚೂರಿನಿಂದ:

ಎಲ್ಲರಿಗೂ ಧನ್ಯವಾದ. ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದ್ದರಿಂದ ನಿರ್ಧಾರ ಮಾಡಿಬಿಟ್ಟೆ. ಶಿಲ್ಪಕ್ಕೆ 'ಮುಸುಕು ಹೊದ್ದ ರೆಬೆಕ್ಕ'. 'ಮುಸುಕಿನ' ಬಿಟ್ಟಿದ್ದು ಧಾರವಾಡದವರ ತೆನೆಯ ಹೆದರಿಕೆಗೆ, 'ಹೊದ್ದ' ಬಂದದ್ದು ಮಂಗಳೂರಿನವರಿಂದ. ಅವಳೇ ಹೊದ್ದುಕೊಂಡಳು ಎಂಬುದು ಉಳಿಯಬೇಕು ಅನಿಸಿತು. ತಲೆಬರಹ 'ಮರೆ' ಅಷ್ಟೇ. ಶಕುಂತಲೆಗೆ ನಾಲ್ಕು ಸಾಲು, ಯಾಕೋಬನ ಆಡಿನ ಚರ್ಮಕ್ಕೆ ಎರಡು ಸಾಲು ಕೊಟ್ಟಿದ್ದೇನೆ. ಬಣ್ಣದ ವೇಷಕ್ಕೆ ಜಾಗ ಸಾಲಲಿಲ್ಲ, ಪುತ್ತೂರಿನವರು ಬೇಸರ ಮಾಡಿಕೊಳ್ಳಬಾರದು. ಅದನ್ನು ಬಸ್ಸಿನಲ್ಲಿ ಬಾಯಲ್ಲೇ ಹೇಳುತ್ತೇನೆ. 'ಪರದೆ' ಬರಹದೊಳಗೆ ಎರಡು ಕಡೆ ಬಂದಿದೆ, ತೆಗೆದಿಲ್ಲ.

ಒಂದು ಕೊನೆಯ ಸಂಶಯ. ತಲೆಬರಹದ ಕೆಳಗೆ ಸಣ್ಣದಾಗಿ 'ಮಱೆ' ಎಂದು ಹಳೆಯ ಅಕ್ಷರದಲ್ಲಿ ಹಾಕೋಣ ಅಂದರೆ ಪ್ರೆಸ್ಸಿನ ಫಾಂಟಿನಲ್ಲಿ ಚೌಕ ಬರುತ್ತಿದೆ. ಯಾವ ಫಾಂಟ್ ಹಾಕಲು ಹೇಳಲಿ?

ಪುತ್ತೂರಿನಿಂದ:

ಬೇಸರ ಇಲ್ಲ ಮೇಡಂ. ಯೂನಿಕೋಡ್‌ನಲ್ಲಿ ಱ ಇದೆ. ಪ್ರೆಸ್ಸಿನವರದು ಹಳೆಯ ಫಾಂಟ್ ಇರಬೇಕು. ಆ ಒಂದು ಪದವನ್ನು ಯೂನಿಕೋಡ್ ಫಾಂಟಿನಲ್ಲಿ ಬರೆದು ಚಿತ್ರ ಮಾಡಿ ಕಳಿಸಿ, ಅವರು ಹಾಗೇ ಅಂಟಿಸಲಿ. ಬೇಕಾದರೆ ನಾನೇ ಮಾಡಿ ಕೊಡುತ್ತೇನೆ.

ಮೈಸೂರಿನಿಂದ:

ಹಾಕಿ, ಒಳ್ಳೆಯದು. ಪ್ಯಾಂಪ್ಲೆಟ್ ಎಂದು ಮಾತ್ರ ಮೇಲೆ ಅಚ್ಚು ಹಾಕಬೇಡಿ.

ಕಲಬುರಗಿಯಿಂದ:

ಕೈಹಾಳೆಯಲ್ಲಿ 'ಹಾಳೆ' ಇರಲಿ, 'ಪ್ರೆಸ್' ಬಗ್ಗೆ ಏನಂತೀರಿ? ಇದಕ್ಕೆ ಬೇರೆ ಎಳೆ ಶುರು ಮಾಡೋಣ, ಮೇಡಂ ಅವರ ಕೆಲಸ ಆಗಲಿ.