ಸಹಾಯ ಬೇಕು: ಡ್ರೆಸ್ಡನ್ ಸಣ್ಣಕತೆಗಳನ್ನು ಯಾವಾಗ ಓದಬೇಕು?

ಎಲ್ಲರಿಗೂ ನಮಸ್ಕಾರ. ಜಿಮ್ ಬುಚರ್ ಅವರ 'ಡ್ರೆಸ್ಡನ್ ಫೈಲ್ಸ್' ಓದುತ್ತಿದ್ದೇನೆ. ಶಿಕಾಗೋದಲ್ಲಿ ಪತ್ತೇದಾರಿಕೆ ಮಾಡುವ ಮಾಂತ್ರಿಕನ ಕತೆ. 2000ರಲ್ಲಿ ಬಂದ 'ಸ್ಟಾರ್ಮ್ ಫ್ರಂಟ್'ನಿಂದ ಶುರು ಮಾಡಿದೆ. ಮೊದಲ ಎರಡು ಸ್ವಲ್ಪ ನಿಧಾನ ಅನ್ನಿಸಿತು. ಮೂರನೆಯದು ಮಾತ್ರ ರಾತ್ರಿ ಎರಡು ಗಂಟೆವರೆಗೆ ಬಿಡದೆ ಓದಿಸಿತು!

ನನ್ನ ಪ್ರಶ್ನೆ: 'ಸೈಡ್ ಜಾಬ್ಸ್' ಸಣ್ಣಕತೆಗಳನ್ನು ನಡುನಡುವೆ ಓದಬೇಕಾ, ಇಲ್ಲ ಹನ್ನೆರಡನೆಯ ಕಾದಂಬರಿ 'ಚೇಂಜಸ್' ಮುಗಿದ ಮೇಲಾ? ಕೊನೆಯ ಕತೆ ಅದರ ನಂತರ ನಡೆಯುತ್ತದಂತೆ, ಅದಕ್ಕೇ ಭಯ. ದಯವಿಟ್ಟು ಕತೆ ಮಾತ್ರ ಹೇಳಿಬಿಡಬೇಡಿ.

ಆಮೇಲೆ ನವೋಮಿ ನೋವಿಕ್ ಅವರ 'ಟೆಮರೇರ್' ಹಿಡಿಯುವ ಆಸೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಡ್ರ್ಯಾಗನ್‌ಗಳ ವಾಯುಪಡೆ, ಎಷ್ಟು ಚೆಂದದ ಕಲ್ಪನೆ ಅಲ್ವಾ? ಒಂಬತ್ತೂ ಪುಸ್ತಕ ಓದಿದವರು ಇದ್ದರೆ ಹೇಳಿ, ಕೊನೆವರೆಗೂ ಅದೇ ಬಿಗಿ ಇದೆಯಾ?