ಬ್ಲಡ್ ಕಲ್ಚರ್‌ನಲ್ಲಿ ಕೇಳರಿಯದ ಹೆಸರು ಬಂದಿದೆ: ಮೈಕ್ರೋಬಯಾಲಜಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮಪ್ಪನಿಗೆ 62 ವರ್ಷ. ರಕ್ತದ ಕ್ಯಾನ್ಸರಿಗೆ ಕೀಮೋ ನಡೆಯುತ್ತಿದೆ, ಎದೆಯಲ್ಲಿ ಪೋರ್ಟ್ (ಔಷಧಿಯನ್ನು ನೇರ ರಕ್ತನಾಳಕ್ಕೆ ಕೊಡಲು ಚರ್ಮದಡಿ ಇಡುವ ಸಾಧನ) ಇದೆ. ಮೂರನೇ ಸುತ್ತು ಮುಗಿದ ಹತ್ತನೇ ದಿನ ಜ್ವರ ಬಂತು, ಅಡ್ಮಿಟ್ ಮಾಡಿದೆವು. ಬಾಯಿ ತುಂಬಾ ಹುಣ್ಣು, ನೀರು ನುಂಗುವುದೂ ಕಷ್ಟ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಎಂದು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನ ಮೊದಲ ರಿಪೋರ್ಟಿನಲ್ಲಿ ‘ಕಂಟ್ಯಾಮಿನೇಷನ್ ಇರಬಹುದು’ ಎಂದಿತ್ತು. ಎರಡು ದಿನ ಬಿಟ್ಟು ‘ರೋಥಿಯಾ ಮ್ಯೂಸಿಲಾಜಿನೋಸಾ’ ಎಂದು ಬಂತು. ಡಾಕ್ಟರು ಇದು ಅಪರೂಪ ಅಂದರು. ಎಲ್ಲಿಂದ ಬಂತು ಇದು? ನಾವು ಮನೆಯನ್ನು ಸ್ವಚ್ಛವಾಗಿ ಇಟ್ಟುಕೊಳ್ಳಲಿಲ್ಲ ಅಂತಾನಾ?

ಉತ್ತರ: ಖಂಡಿತ ಅಲ್ಲ. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ರೋಥಿಯಾ ಹೊರಗಿನಿಂದ ಬಂದದ್ದಲ್ಲ. ನಿಮ್ಮ ಬಾಯಲ್ಲೂ ನನ್ನ ಬಾಯಲ್ಲೂ ಸುಮ್ನೆ ಇರುವ ಬ್ಯಾಕ್ಟೀರಿಯಾ ಅದು. ಕೀಮೋದಿಂದ ಬಾಯಿಯ ಒಳಪದರ ಕಿತ್ತುಬಂದಾಗ ಅದಕ್ಕೆ ರಕ್ತಕ್ಕೆ ಇಳಿಯಲು ದಾರಿ ಸಿಗುತ್ತದೆ. ಆರೋಗ್ಯವಂತರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅದನ್ನು ಅಲ್ಲೇ ಮುಗಿಸಿಬಿಡುತ್ತದೆ. ನಿಮ್ಮ ತಂದೆಯವರಿಗೆ ಆ ಸಮಯದಲ್ಲಿ ಆ ಕಣಗಳೇ ಇರಲಿಲ್ಲ. ‘ಅಪರೂಪ’ ಎಂದರೆ ಬ್ಯಾಕ್ಟೀರಿಯಾ ಅಪರೂಪ ಅಂತಲ್ಲ, ಅದು ರಕ್ತದಲ್ಲಿ ಸಿಗುವುದು ಅಪರೂಪ.

ಮೊದಲ ರಿಪೋರ್ಟ್ ಬಗ್ಗೆಯೂ ಹೇಳುತ್ತೇನೆ. ರಕ್ತ ಹಾಕಿಟ್ಟ ಬಾಟಲಿ ಪಾಸಿಟಿವ್ ಆದ ತಕ್ಷಣ, ಅಂದರೆ ಅದರಲ್ಲಿ ಏನೋ ಬೆಳೆದಿದೆ ಎಂದು ಗೊತ್ತಾದ ಕೂಡಲೇ, ನಾವು ಗ್ರಾಮ್ ಸ್ಟೇನ್ ಎಂಬ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಆಗ ಕಾಣುವುದು ಬಣ್ಣ ಮತ್ತು ಆಕಾರ ಮಾತ್ರ. ರೋಥಿಯಾ ಗುಂಪುಗುಂಪಾದ ದುಂಡು ಕಾಳಿನ ಹಾಗೆ ಕಾಣುತ್ತದೆ. ಚರ್ಮದ ಮೇಲಿರುವ ಸ್ಟ್ಯಾಫಿಲೋಕಾಕಸ್ ಕೂಡ ಹಾಗೇ ಕಾಣುತ್ತದೆ. ಸೂಜಿ ಚುಚ್ಚುವಾಗ ಚರ್ಮದ್ದು ಬಾಟಲಿಗೆ ಸೇರಿಕೊಳ್ಳುವುದು ಆಗಾಗ ಆಗುವುದರಿಂದ ಹಾಗೆ ಬರೆದಿರುತ್ತಾರೆ. ಪ್ಲೇಟಿನ ಮೇಲೆ ಬೆಳೆದಾಗ ವ್ಯತ್ಯಾಸ ಗೊತ್ತಾಗುತ್ತದೆ. ರೋಥಿಯಾ ಗೋಂದಿನ ಹಾಗೆ ಅಂಟಿಕೊಂಡಿರುತ್ತದೆ, ಎತ್ತಲು ಹೋದರೆ ಬರುವುದೇ ಇಲ್ಲ. ಅದರ ಹೆಸರಲ್ಲಿರುವ ‘ಮ್ಯೂಸಿಲಾಜಿನೋಸಾ’ ಕೂಡ ಆ ಅಂಟನ್ನೇ ಹೇಳುತ್ತದೆ. ಈಗ ಮಾಲ್ಡಿ ಟಾಫ್ ಎಂಬ ಯಂತ್ರ ಇರುವ ಲ್ಯಾಬುಗಳಲ್ಲಿ, ಬ್ಯಾಕ್ಟೀರಿಯಾ ಬೆಳೆದ ಮೇಲೆ ಕೆಲವೇ ನಿಮಿಷಗಳಲ್ಲಿ ಹೆಸರು ಸಿಗುತ್ತದೆ.

ಇದೇ ಹೆಸರು ಆರೋಗ್ಯವಂತರೊಬ್ಬರ ಒಂದೇ ಬಾಟಲಿಯಲ್ಲಿ ಬಂದಿದ್ದರೆ ನಾನೂ ಅನುಮಾನಪಡುತ್ತಿದ್ದೆ. ಆದರೆ ನ್ಯೂಟ್ರೋಫಿಲ್ ಎಣಿಕೆ ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗೆ, ಬಾಯಲ್ಲಿ ಹುಣ್ಣು, ಮೇಲೆ ಜ್ವರ. ಇಷ್ಟೆಲ್ಲ ಇರುವವರಲ್ಲಿ ಒಂದೇ ಬಾಟಲಿಯಾದರೂ ನಾನು ತಳ್ಳಿಹಾಕುವುದಿಲ್ಲ.

ಅದೇ ಪ್ರಶ್ನೆಗಾರರು: ಸಮಾಧಾನ ಆಯಿತು ಮೇಡಂ. ಇನ್ನೊಂದು ಮಾತು. ಜ್ವರ ಬಂದದ್ದು ರಾತ್ರಿ. ಪ್ಯಾರಾಸಿಟಮಾಲ್ ಕೊಟ್ಟೆವು, ಇಳಿಯಿತು. ಬೆಳಿಗ್ಗೆ ಮತ್ತೆ ಏರಿದ ಮೇಲೆ ಆಸ್ಪತ್ರೆಗೆ ಹೋದೆವು. ತಪ್ಪು ಮಾಡಿದೆವಾ?

ಉತ್ತರ: ಗೊತ್ತಿಲ್ಲದೆ ಮಾಡಿದ್ದು, ಅದಕ್ಕೆ ಕೊರಗಬೇಡಿ. ಆದರೆ ಇನ್ನು ಮುಂದೆ ಹಾಗೆ ಮಾಡಬೇಡಿ. ಗಾಯಕ್ಕೆ ಕೀವು ತುಂಬುವುದು, ಕೆಂಪಾಗಿ ಊದಿಕೊಳ್ಳುವುದು, ಇದೆಲ್ಲ ಬಿಳಿ ರಕ್ತಕಣಗಳ ಕೆಲಸ. ಅವೇ ಇಲ್ಲದವರಲ್ಲಿ ಸೋಂಕು ಒಳಗೊಳಗೇ ಹರಡಿದರೂ ಹೊರಗೆ ಕಾಣುವ ಗುರುತು ಅಂದರೆ ಎಷ್ಟೋ ಸಲ ಜ್ವರ ಒಂದೇ. ಅದನ್ನೂ ಮಾತ್ರೆ ಹಾಕಿ ಮುಚ್ಚಿಬಿಟ್ಟರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದೇ ಸಲ 38.3 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101 ಫ್ಯಾರನ್‌ಹೀಟ್, ತೋರಿಸಿದರೂ ಹೊರಡಿ. 38 ಡಿಗ್ರಿ ಒಂದು ಗಂಟೆ ಹಾಗೇ ನಿಂತರೂ ಹೊರಡಿ. ರಾತ್ರಿ ಎರಡು ಗಂಟೆಯಾದರೂ ಸರಿ. ಬಾಗಿಲಲ್ಲೇ ‘ಕೀಮೋ ಆಗಿದೆ, ಜ್ವರ ಇದೆ’ ಎಂದು ಹೇಳಿ. ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಅದಕ್ಕೂ ಮೊದಲು ಪೋರ್ಟಿನಿಂದ ಒಂದು ಸಲ, ತೋಳಿನಿಂದ ಒಂದು ಸಲ ಕಲ್ಚರಿಗೆ ರಕ್ತ ತೆಗೆಯುತ್ತಾರೆ. ದೊಡ್ಡವರಿಗೆ ಒಂದೊಂದು ಬಾಟಲಿಗೆ 8ರಿಂದ 10 ಎಂ.ಎಲ್. ಬೇಕು. ‘ಇಷ್ಟೊಂದು ರಕ್ತ ಯಾಕೆ’ ಎಂದು ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಕಡಿಮೆ ತೆಗೆದರೆ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುತ್ತದೆ, ಅದಕ್ಕೇ.

ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರವೂ ಬಾರದೇ ಇರಬಹುದು. ಚಳಿ ನಡುಕ, ಮಾತು ತಡವರಿಸುವುದು, ಉಸಿರಿನ ವೇಗ ಜಾಸ್ತಿಯಾಗುವುದು ಕಂಡರೆ ಥರ್ಮಾಮೀಟರ್ ಏನೇ ಹೇಳಲಿ, ಹೊರಡಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಅಪಘಾತವಾಗಿ ನನ್ನ ಸ್ಪ್ಲೀನ್ (ಗುಲ್ಮ) ತೆಗೆದು ಎಂಟು ವರ್ಷ ಆಯಿತು. ಮನೆಯಲ್ಲಿ ನಾಯಿ ಇದೆ. ಯಾರೋ ಹೆದರಿಸಿದರು. ನಾಯಿಯನ್ನು ಬಿಟ್ಟುಬಿಡಬೇಕಾ?

ಉತ್ತರ: ಬಿಡಬೇಕಾಗಿಲ್ಲ. ಅವರು ಹೇಳಿದ್ದು ಬಹುಶಃ ಕ್ಯಾಪ್ನೋಸೈಟೋಫೇಗಾ ಕೆನಿಮಾರ್ಸಸ್ ಎಂಬ ಬ್ಯಾಕ್ಟೀರಿಯಾ ಬಗ್ಗೆ. ಲ್ಯಾಟಿನ್‌ನಲ್ಲಿ ಕೆನಿಮಾರ್ಸಸ್ ಎಂದರೆ ನಾಯಿ ಕಡಿತ ಎಂದೇ ಅರ್ಥ. ನಾಯಿ, ಬೆಕ್ಕುಗಳ ಬಾಯಲ್ಲಿ ಇರುತ್ತದೆ. 1976ರಲ್ಲಿ ಇದರ ಸೋಂಕು ಮೊದಲ ಸಲ ವರದಿಯಾಯಿತು. ಸ್ಪ್ಲೀನ್ ರಕ್ತವನ್ನು ಸೋಸಿ ಇಂಥವನ್ನು ಹಿಡಿಯುತ್ತದೆ. ಅದಿಲ್ಲದವರಲ್ಲಿ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ ಆಗಬಹುದು. ಎಂಟು ವರ್ಷ ಏನೂ ಆಗಲಿಲ್ಲ ಅಂತ ನಿರಾಳರಾಗಬೇಡಿ, ಅಪಾಯ ಜೀವನಪೂರ್ತಿ ಇರುತ್ತದೆ. ಗಾಯವನ್ನು ನಾಯಿ ನೆಕ್ಕಲು ಬಿಡಬೇಡಿ. ಕಚ್ಚಿದರೆ, ಪರಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ, ಚಿಕ್ಕ ಗಾಯವಾದರೂ. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಎಂಬ ಆಂಟಿಬಯಾಟಿಕ್ ಕೊಡುತ್ತಾರೆ. ರೇಬೀಸ್ ಲಸಿಕೆಯ ವಿಚಾರ ಬೇರೆ, ಅದನ್ನೂ ಕೇಳಿ. ಜ್ವರ ಬಂದರೆ ಸ್ಪ್ಲೀನ್ ಇಲ್ಲ, ಮನೆಯಲ್ಲಿ ನಾಯಿ ಇದೆ, ಎರಡನ್ನೂ ಹೇಳಿ. ಈ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಮೊದಲೇ ಗೊತ್ತಿದ್ದರೆ ಲ್ಯಾಬಿನವರು ಬಾಟಲಿಯನ್ನು ಬೇಗ ಬಿಸಾಡುವುದಿಲ್ಲ. ನ್ಯುಮೊಕಾಕಲ್, ಮೆನಿಂಗೊಕಾಕಲ್ ಲಸಿಕೆ ಆಗಿದೆಯಾ ನೋಡಿಕೊಳ್ಳಿ.

ಮತ್ತೊಬ್ಬರ ಪ್ರಶ್ನೆ: ಕೀಮೋದಲ್ಲಿರುವ ತಮ್ಮನಿಗೆ ಭೇದಿ. ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಡಬಹುದಾ? ಒಳ್ಳೆಯ ಬ್ಯಾಕ್ಟೀರಿಯಾ ತಾನೇ?

ಉತ್ತರ: ನ್ಯೂಟ್ರೋಫಿಲ್ ಕಡಿಮೆ ಇರುವಾಗ ನೀವಾಗಿಯೇ ಕೊಡಬೇಡಿ, ಡಾಕ್ಟರನ್ನು ಕೇಳಿ. ಆ ಕ್ಯಾಪ್ಸೂಲಿನ ಲ್ಯಾಕ್ಟೋಬ್ಯಾಸಿಲಸ್ಸೇ ರಕ್ತದಲ್ಲಿ ಸಿಕ್ಕಿರುವ ಉದಾಹರಣೆಗಳಿವೆ. ಅವುಗಳಲ್ಲಿ ಹಲವು ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗುವುದೂ ಇಲ್ಲ. ಪ್ರೊಬಯಾಟಿಕ್ ಪುಡಿಯನ್ನು ಪೋರ್ಟ್ ಅಥವಾ ಲೈನ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಹತ್ತಿರ ಬಿಚ್ಚಲೇಬೇಡಿ, ಕೈಗೆ ಅಂಟಿದ್ದು ನೇರ ರಕ್ತಕ್ಕೆ ಹೋಗಬಹುದು.

ಮೊದಲ ಪ್ರಶ್ನೆಗಾರರು: ಮೇಡಂ, ಇವತ್ತಿನ ಕಲ್ಚರ್ ಕ್ಲಿಯರ್ ಬಂದಿದೆ! ಪೋರ್ಟ್ ತೆಗೆಯಬೇಕಾಗುತ್ತದಾ?

ಉತ್ತರ: ತುಂಬಾ ಸಂತೋಷ. ಪ್ರತಿಯೊಬ್ಬರಿಗೂ ತೆಗೆಯಬೇಕಾಗಿಲ್ಲ. ಪೋರ್ಟಿನಿಂದ ತೆಗೆದ ಬಾಟಲಿ ತೋಳಿನದ್ದಕ್ಕಿಂತ ಕನಿಷ್ಠ ಎರಡು ಗಂಟೆ ಮೊದಲೇ ಪಾಸಿಟಿವ್ ಆಗಿದ್ದರೆ ಪೋರ್ಟ್ ಮೇಲೆ ಅನುಮಾನ ಬರುತ್ತದೆ. ಎರಡರ ಸಮಯವನ್ನೂ ಲ್ಯಾಬಿನಲ್ಲಿ ಕೇಳಿ, ಅದನ್ನು ನೋಡಿ ನಿಮ್ಮ ಡಾಕ್ಟರು ತೀರ್ಮಾನ ಮಾಡುತ್ತಾರೆ. ರಿಪೋರ್ಟಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮುಂದಿನ ಸುತ್ತಿನಲ್ಲಿ ಬಾಯಿಹುಣ್ಣು ಶುರುವಾದರೆ ಅವತ್ತೇ ತೋರಿಸಿ. ಇನ್ನು ಕೆಲವು ದಿನ ಜೋರು ತಲೆನೋವು, ಕತ್ತು ಬಿಗಿಯುವುದು, ಮಂಕಾಗುವುದು ಕಂಡರೆ ತಕ್ಷಣ ನರ್ಸಿಗೆ ಹೇಳಿ. ರೋಥಿಯಾ ಇಂಥವರಲ್ಲಿ ಮಿದುಳಿನ ಪೊರೆಗೂ ಹೋಗುವುದುಂಟು.