ಕುಸಯಿಹನಕ್ಕೆ ‘ನಾರುಹೂ’ ಎನ್ನಬಹುದೇ?

ಪೋಕೆಮಾನ್ ಎಂಬ ಜಪಾನೀ ವಿಡಿಯೊ ಆಟಗಳಲ್ಲಿ ಬರುವ ಹೂವಿನ ಜೀವಿಗಳನ್ನು ಮಕ್ಕಳಿಗೆ ಪರಿಚಯಿಸುವ ಸಣ್ಣ ಬರಹವೊಂದನ್ನು ಸಿದ್ಧಪಡಿಸುವಾಗ ಒಂದೇ ಒಂದು ಪದದ ಬಳಿ ಬಹಳ ಹೊತ್ತು ನಿಲ್ಲಬೇಕಾಯಿತು. ಇಂಗ್ಲಿಷಿನಲ್ಲಿ ‘ಗ್ಲೂಮ್’ ಎಂದು ಕರೆಯುವ, ಆಟದ ಜೀವಿಗಳ ಪಟ್ಟಿಯಲ್ಲಿ 44ನೆಯ ಸಂಖ್ಯೆಯ ಜೀವಿಗೆ ಮೂಲ ಜಪಾನೀ ಭಾಷೆಯಲ್ಲಿರುವ ಹೆಸರು ‘ಕುಸಯಿಹನ’. ಅದರಲ್ಲಿ ಕುಸಯಿ ಎಂದರೆ ಕೆಟ್ಟ ವಾಸನೆಯ ಎಂದೂ ಹನ ಎಂದರೆ ಹೂ ಎಂದೂ ಅರ್ಥ. ಹೆಸರನ್ನೇ ಕನ್ನಡಕ್ಕೆ ಬದಲಾಯಿಸುವ ಉದ್ದೇಶ ನನಗಿಲ್ಲ. ಆಟದ ಹೆಸರು ಆಟದಲ್ಲಿರುವಂತೆಯೇ ಇರಲಿ. ಆದರೆ ಪಕ್ಕದಲ್ಲಿ ಅರ್ಥ ಬರೆಯುವಾಗ ಅದೂ ಒಂದು ಹೆಸರಿನಂತೆ ಕೇಳಬೇಕು ಎಂದು ನಾನು ‘ನಾರುಹೂ’ ಎಂದು ಬರೆದಿದ್ದೆ. ಕರಡನ್ನು ಓದಿದ ನನ್ನ ಅಕ್ಕನ ಮಗಳು, “ಮಾಮ, ಇದು ನಾರಿನಲ್ಲಿ ಮಾಡಿದ ಹೂವಾ?” ಎಂದು ಕೇಳಿದಳು. ಆ ಪ್ರಶ್ನೆಯಿಂದ ಹುಟ್ಟಿದ್ದು ಈ ಬರಹ.

ಮೊದಲು ಆ ಜೀವಿಯ ವಂಶವನ್ನು ಹೇಳಿಬಿಡುತ್ತೇನೆ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಲ್ಲಿಯೇ ಈ ಕುಟುಂಬದ ಮೂವರು ಇದ್ದರು. 43ನೆಯ ಸಂಖ್ಯೆಯದು ‘ನಜೊನೊಕುಸ’, ಇಂಗ್ಲಿಷಿನಲ್ಲಿ ಆಡಿಶ್. ನೀಲಿ ಮೈ, ತಲೆಯ ಮೇಲೆ ಮೂಲಂಗಿಯ ಸೊಪ್ಪಿನಂಥ ಎಲೆಗಳು. ಅದು 21ನೆಯ ಮಟ್ಟವನ್ನು ತಲುಪಿದಾಗ ಕುಸಯಿಹನವಾಗುತ್ತದೆ. ಕುಸಯಿಹನಕ್ಕೆ ‘ಲೀಫ್ ಸ್ಟೋನ್’ ಎಂಬ ಕಲ್ಲನ್ನು ಕೊಟ್ಟರೆ 45ನೆಯ ಸಂಖ್ಯೆಯ ‘ರಫುರೆಶಿಯ’ ಆಗುತ್ತದೆ. ಇಂಗ್ಲಿಷ್ ಬಲ್ಲವರಿಗೆ ಇದು ವೈಲ್‌ಪ್ಲೂಮ್. 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ ಆಟಗಳಲ್ಲಿ ಇನ್ನೊಂದು ಕವಲು ಸೇರಿತು. ಅದೇ ಕುಸಯಿಹನಕ್ಕೆ ‘ಸನ್ ಸ್ಟೋನ್’ ಕೊಟ್ಟರೆ 182ನೆಯ ಸಂಖ್ಯೆಯ ‘ಕಿರೆಯಿಹನ’, ಅಂದರೆ ಬೆಲ್ಲಾಸಮ್, ಆಗುತ್ತದೆ. ಕಿರೆಯಿ ಎಂದರೆ ಚೆಂದ.

ರಫುರೆಶಿಯವೊಂದನ್ನು ಬಿಟ್ಟರೆ ಈ ಜಪಾನೀ ಹೆಸರುಗಳಲ್ಲಿ ಎಲ್ಲವೂ ಮನೆಮಾತಿನ ಪದಗಳೇ ಎಂಬುದನ್ನು ಗಮನಿಸಬೇಕು. ನಜೊ ಎಂದರೆ ಒಗಟು, ಕುಸ ಎಂದರೆ ಹುಲ್ಲು, ಗಿಡ, ಕಳೆ, ಹೀಗೆ ನೆಲದಿಂದ ಮೇಲೆದ್ದ ಹಸುರು ಏನಿದ್ದರೂ ಸಲ್ಲುವ ಮಾತು. ನಜೊನೊಕುಸ ಎಂಬುದು ಕುಸದಲ್ಲಿ ಮುಗಿಯುತ್ತದೆ. ಅದರಿಂದ ಹುಟ್ಟುವ ಕುಸಯಿಹನ ಕುಸ ಎಂಬ ಸದ್ದಿನಿಂದಲೇ ಶುರುವಾಗುತ್ತದೆ. ಗಿಡವೆಂಬ ಕುಸಕ್ಕೂ ನಾತವೆಂಬ ಕುಸಯಿಗೂ ಅರ್ಥದ ನಂಟಿಲ್ಲ, ಕಿವಿಯ ನಂಟು ಮಾತ್ರ. ಒಂದು ಸಾಲಿನ ಕೊನೆಯ ಪದವನ್ನು ಮುಂದಿನ ಸಾಲಿನ ಮೊದಲಿಗೆ ಎತ್ತಿಕೊಳ್ಳುವುದನ್ನು ನಮ್ಮಲ್ಲಿ ಮುಕ್ತಪದಗ್ರಸ್ತ ಎನ್ನುತ್ತಾರಲ್ಲ, ಈ ಎರಡು ಹೆಸರುಗಳು ಹೆಚ್ಚುಕಡಿಮೆ ಹಾಗೆಯೇ ಕೊಂಡಿ ಹಾಕಿಕೊಂಡಿವೆ. ಆಮೇಲೆ ಕುಸಯಿಹನ, ಕಿರೆಯಿಹನ ಎಂಬ ಜೋಡಿ: ಒಂದೇ ಅಚ್ಚು, ಒಂದೇ ಕೊನೆ, ಗುಣ ಮಾತ್ರ ತಿರುಗುಮುರುಗು. ಇಂಗ್ಲಿಷಿನಲ್ಲಿ ಇದಾವುದೂ ಉಳಿದಿಲ್ಲ. ಗ್ಲೂಮ್ ಎಂದರೆ ಮಂಕು ಅಥವಾ ಮಬ್ಬು. ಅದರಲ್ಲಿ ಹೂವೂ ಇಲ್ಲ, ನಾತವೂ ಇಲ್ಲ. ಫ್ರೆಂಚರು ಬೆಲ್ಲಾಸಮ್‌ಗೆ ‘ಜೋಲಿಫ್ಲೋರ್’ ಎಂದು ಹೆಸರಿಟ್ಟು ಚೆಂದವನ್ನೂ ಹೂವನ್ನೂ ಉಳಿಸಿಕೊಂಡರು. ಜರ್ಮನರು ಗ್ಲೂಮ್‌ಗೆ ‘ಡುಫ್ಲೋರ್’ ಎಂದರು. ಅವರ ಭಾಷೆಯಲ್ಲಿ ಡುಫ್ಟ್ ಎಂದರೆ ಪರಿಮಳ! ವ್ಯಂಗ್ಯವೆಂದು ತಿಳಿದುಕೊಂಡರೆ ಅದೇನೂ ಕೆಟ್ಟ ಹೆಸರಲ್ಲ.

ಈಗ ಕನ್ನಡಕ್ಕೆ ಬರೋಣ. ಮೂಗಿಗೆ ಸಂಬಂಧಿಸಿದ ಪದಗಳಿಗೆ ನಮ್ಮಲ್ಲಿ ಬಡತನವಿಲ್ಲ, ಸಿರಿತನವೇ ತೊಂದರೆ. ಹಳೆಯ ಎಣ್ಣೆಗೆ ಕಮಟು, ಗಾಳಿಯಾಡದ ಬಟ್ಟೆಗೆ ಮುಗ್ಗಲು, ಒಗ್ಗರಣೆಯ ಮೆಣಸಿನಕಾಯಿಗೆ ಘಾಟು ಎಂದು ಒಂದೊಂದಕ್ಕೂ ಒಂದೊಂದು ಮಾತಿದೆ. ಇವೆಲ್ಲ ಇಂಥದ್ದರ ವಾಸನೆ ಎಂದು ಗೊತ್ತುಮಾಡಿ ಹೇಳುವ ಪದಗಳು. ಕುಸಯಿಯಂತೆ ಎಲ್ಲ ಕೆಟ್ಟ ವಾಸನೆಗೂ ಸಲ್ಲುವಂಥವಲ್ಲ. ‘ದುರ್ಗಂಧ’ ಸಲ್ಲುತ್ತದೆ, ಆದರೆ ‘ದುರ್ಗಂಧಪುಷ್ಪ’ ಎಂದರೆ ಮಕ್ಕಳ ಆಟದ ಜೀವಿ ಹೋಗಿ ನಿಘಂಟಿನ ಜೀವಿ ಬಂದು ಕೂರುತ್ತದೆ. ‘ಗಬ್ಬುಹೂ’ ಎಂಬುದು ಮೊದಲ ಕೇಳ್ಮೆಗೇ ಅರ್ಥವಾಗುತ್ತದೆ, ಮಕ್ಕಳು ನಗುತ್ತಾರೆ ಕೂಡ. ಆದರೆ ಗಬ್ಬು ಎಂಬುದರಲ್ಲಿ ವಾಸನೆಯಷ್ಟೇ ಅಲ್ಲ, ಕೊಳಕೂ ಸೇರಿದೆ. ಕೋಣೆಯನ್ನು ಗಬ್ಬೆಬ್ಬಿಸಿದ ಎಂದರೆ ಮೂಗು ಮುಚ್ಚಲೇಬೇಕೆಂದಿಲ್ಲ. ಕುಸಯಿಹನ ಕೊಳಕು ಜೀವಿಯಲ್ಲ. ಅದರ ಬಾಯಿಂದ ಸದಾ ಇಳಿಯುತ್ತಿರುವ ಅಂಟುದ್ರವವನ್ನು ನೋಡಿದವರೆಲ್ಲ ಜೊಲ್ಲು ಎಂದುಕೊಳ್ಳುತ್ತಾರೆ. ಆಟದೊಳಗಿನ ಜೀವಿಗಳ ವಿಶ್ವಕೋಶವಾದ ಪೋಕೆಡೆಕ್ಸ್ ಮಾತ್ರ ಅದು ಜೊಲ್ಲಲ್ಲ, ಬೇಟೆಯನ್ನು ಸೆಳೆಯುವ ಮಕರಂದ ಎಂದು ತಿದ್ದುತ್ತದೆ. ನಾತದ ವಿಷಯದಲ್ಲಿಯೂ ಅದೇ ಕೋಶ ಒಂದು ಸೊಗಸಾದ ಮಾತು ಹೇಳುತ್ತದೆ: ಸಾವಿರಕ್ಕೆ ಒಬ್ಬರು ಈ ಮೂಗು ಮುರಿಸುವ ವಾಸನೆಯನ್ನು ಇಷ್ಟಪಟ್ಟು ಮೂಸುತ್ತಾರಂತೆ. ಹೀಗಿರುವಾಗ ಗಬ್ಬು ಎಂದು ತೀರ್ಪು ಕೊಟ್ಟುಬಿಡುವುದು ಆ ಒಬ್ಬರಿಗೆ ಮಾಡಿದ ಅನ್ಯಾಯವಾದೀತು.

ಆದ್ದರಿಂದ ‘ನಾರು’. ಈ ಪದದ ಚರಿತ್ರೆಯೇ ಅದನ್ನು ಇಲ್ಲಿಗೆ ತಕ್ಕದ್ದಾಗಿ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ, ‘ನಾಱು’. ಇಂದು ನಾರುವುದೆಂದರೆ ಕೆಟ್ಟ ವಾಸನೆ ಬೀರುವುದು ಮಾತ್ರ. ಆದರೆ ಇದೇ ಕುಲದ ‘ನಱು’ ಎಂಬುದರ ಅರ್ಥ ಪರಿಮಳದ ಎಂದು, ಅದು ‘ನರುಗಂಪು’ ಎಂಬ ಪದದಲ್ಲಿ ಈಗಲೂ ಉಸಿರಾಡುತ್ತಿದೆ. ತಮಿಳಿನ ‘ನಾಟ್ರಂ’ ಕೂಡ ಹಿಂದೆ ಹೂವಿನ ಕಂಪನ್ನು ಹೇಳುತ್ತಿದ್ದು ಇಂದು ಮೂಗು ಮುಚ್ಚಿಸುವ ಪದವಾಗಿದೆ. ‘ವಾಸನೆ’ಯೂ ಅದೇ ದಾರಿಯಲ್ಲಿ ಅರ್ಧ ನಡೆದಿದೆ: “ಏನೋ ವಾಸನೆ ಬರ್ತಿದೆ” ಎಂದರೆ ಯಾರೂ ಮಲ್ಲಿಗೆಯನ್ನು ಹುಡುಕುವುದಿಲ್ಲ. ಮೂಗಿನ ಪದಗಳು ಹೀಗೆ ಕಂಪಿನಿಂದ ನಾತಕ್ಕೆ ಇಳಿಯುತ್ತವೆ. ಕುಸಯಿಹನವಾದರೋ ನಾತದಿಂದ ಚೆಂದಕ್ಕೆ ಏರುತ್ತದೆ. ಹೆಚ್ಚು ನಾರುವ ಗ್ಲೂಮ್‌ನಿಂದಲೇ ಹೆಚ್ಚು ಸುಂದರವಾದ ಬೆಲ್ಲಾಸಮ್ ಹುಟ್ಟುತ್ತದೆ ಎಂಬ ಮಾತು ಪೋಕೆಡೆಕ್ಸಿನಲ್ಲಿಯೇ ಇದೆ.

ಇನ್ನು ಹುಡುಗಿಯ ಪ್ರಶ್ನೆ. ಹೂ ಕಟ್ಟುವ ನಾರು ಬೇರೆ ಪದ. ಅದು ಸಾಮಾನ್ಯ ರೇಫದ ‘ನಾರ್’. ಶಕಟರೇಫ ಬಳಕೆಯಿಂದ ಬಿದ್ದುಹೋದ ಮೇಲೆ ಇವೆರಡೂ ಬರಹದಲ್ಲಿಯೂ ಉಚ್ಚಾರದಲ್ಲಿಯೂ ಒಂದಾಗಿಬಿಟ್ಟವು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ಎಲ್ಲರ ಬಾಯಲ್ಲಿರುವಾಗ, ಹೂವಿನ ಪಕ್ಕದಲ್ಲಿ ನಾರು ಎಂಬ ಪದ ಕಂಡರೆ ಮಗುವಿಗೆ ಬಾಳೆಪಟ್ಟೆ ನೆನಪಾಗುವುದು ಸಹಜ. ಇದನ್ನು ದೋಷವೆಂದುಕೊಂಡು ‘ನಾರುಹೂ’ವನ್ನು ಹೊಡೆದುಹಾಕಲು ಹೊರಟಿದ್ದೆ. ಆಗ ಹೊಳೆದದ್ದು ಇದು: ಜಪಾನೀ ಹೆಸರುಗಳ ಆಟವೂ ಇಂಥದೇ ಕಿವಿಯ ಗೊಂದಲದ ಮೇಲೆ ನಿಂತಿದೆಯಲ್ಲ! ಅಲ್ಲಿ ಗಿಡದ ಕುಸ ಮತ್ತು ನಾತದ ಕುಸಯಿ. ಇಲ್ಲಿ ಗಿಡದ ನಾರು ಮತ್ತು ನಾತದ ನಾರು. ನಾಟಿಮದ್ದಿನ ಮಾತಿನಲ್ಲಿ ‘ನಾರುಬೇರು’ ಎಂದರೆ ಗಿಡಮೂಲಿಕೆ ಎಂದೇ ಅರ್ಥ. ಹಾಗಾದರೆ ನಜೊನೊಕುಸವನ್ನು ‘ಒಗಟುನಾರು’ ಎಂದು ಕರೆದು, ಅದರಿಂದ ಹುಟ್ಟುವುದನ್ನು ‘ನಾರುಹೂ’ ಎಂದರೆ ಆ ಮುಕ್ತಪದಗ್ರಸ್ತ ಕನ್ನಡದಲ್ಲಿಯೂ ಕೂಡಿಬರುತ್ತದೆ. ಇಂಗ್ಲಿಷಿಗೆ ಆಗದ ಕೆಲಸವನ್ನು ನಾವು ಕಳೆದುಕೊಂಡ ಒಂದು ಅಕ್ಷರ ಮಾಡಿಕೊಟ್ಟಂತಾಯಿತು.

ಒಗಟುನಾರು ಎಂಬುದು ಆ ಜೀವಿಗೆ ಒಪ್ಪುತ್ತದೆಯೇ ಎಂದು ಕೇಳಿದರೆ ಒಪ್ಪುತ್ತದೆ ಎನ್ನುತ್ತೇನೆ. ಅದು ಹಗಲಿಡೀ ಮುಖವನ್ನು ಮಣ್ಣಿನಲ್ಲಿ ಹೂತುಕೊಂಡು, ಎಲೆಗಳನ್ನಷ್ಟೇ ಹೊರಗೆ ಬಿಟ್ಟು ಕುಳಿತಿರುತ್ತದೆ. ಕಳೆಯೆಂದು ಕೀಳಲು ಹೋದರೆ ಕಿರುಚುತ್ತದೆ. ರಾತ್ರಿಯಾದರೆ ಎರಡು ಬೇರುಗಳ ಮೇಲೆ ಸುಮಾರು 300 ಮೀಟರ್ ನಡೆದು ಬೀಜ ಬಿತ್ತುತ್ತದೆ. ಬೇರೇ ಕಾಲಾಗಿರುವ ಜೀವಿಗೆ ನಾರುಬೇರಿನ ನೆನಪು ತರುವ ಹೆಸರು ಹೊರಗಿನದೆನಿಸುವುದಿಲ್ಲ. (ರಾತ್ರಿ ತಿರುಗುವವನು ‘ನಿಶಾಚರ’, ನಿಶಾಚರನೆಂದರೆ ರಾಕ್ಷಸ, ಪೋಕೆಮಾನ್ ಎಂಬುದು ‘ಪಾಕೆಟ್ ಮಾನ್ಸ್ಟರ್’ ಎಂಬುದರ ಮೊಟಕು ರೂಪ. ಸಂಸ್ಕೃತದ ಲೆಕ್ಕದಲ್ಲಿ ಈ ಮೂಲಂಗಿಯಂಥ ಪುಟ್ಟ ಜೀವಿಯೇ ಎಲ್ಲರಿಗಿಂತ ಅಚ್ಚ ರಾಕ್ಷಸ.)

ಸಮಾಸದ ದೃಷ್ಟಿಯಿಂದ ಆಕ್ಷೇಪ ಬರಬಹುದು: ‘ನಾರುವ ಹೂ’ ಎನ್ನದೆ ‘ನಾರುಹೂ’ ಎಂದರೆ ಸರಿಯೇ? ಧಾತುವನ್ನು ನೇರವಾಗಿ ನಾಮಪದಕ್ಕೆ ಅಂಟಿಸುವುದು ಕನ್ನಡಕ್ಕೆ ಹೊಸದೇನಲ್ಲ. ಬೀಸುಕಲ್ಲು, ತೂಗುಸೇತುವೆ, ಸುಡುಗಾಡು ಎಲ್ಲವೂ ಹಾಗೆಯೇ ಆದವು. ಈ ಬಗೆಯ ಪದಗಳಲ್ಲಿ ಕ್ರಿಯೆ ಆ ವಸ್ತುವಿನ ನಿತ್ಯಗುಣವಾಗಿ ಕೇಳಿಸುತ್ತದೆ. ‘ನಾರುವ ಹೂ’ ಎಂದರೆ ಇವತ್ತು ನಾರುತ್ತಿರುವ ಯಾವುದೋ ಒಂದು ಹೂವೂ ಆಗಬಹುದು, ‘ನಾರುಹೂ’ ಎಂದರೆ ಒಂದು ಜಾತಿ.

ರಫುರೆಶಿಯದ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಅದು ನಿಜವಾದ ಹೂವೊಂದರ ಹೆಸರೇ. ಸುಮಾತ್ರಾದಲ್ಲಿ 1818ರಲ್ಲಿ ಯುರೋಪಿನವರ ಕಣ್ಣಿಗೆ ಬಿದ್ದು, ರ್ಯಾಫಲ್ಸ್ ಎಂಬ ಆಡಳಿತಗಾರನ ಹೆಸರನ್ನು ಹೊತ್ತ ರಫ್ಲೇಸಿಯ. ಅದರ ದೊಡ್ಡ ಜಾತಿಯ ಹೂ ಸುಮಾರು 1 ಮೀಟರ್ ಅಗಲವಿದ್ದು, ಕೊಳೆತ ಮಾಂಸದ ವಾಸನೆಯಿಂದ ನೊಣಗಳನ್ನು ಕರೆಯುತ್ತದೆ. ಕೆಂಪು ಎಸಳುಗಳು, ಅವುಗಳ ಮೇಲಿನ ಬಿಳಿ ಮಚ್ಚೆಗಳು ಆಟದ ಜೀವಿಗೂ ಬಂದಿವೆ. ಕನ್ನಡದಲ್ಲಿಯೂ ರಫ್ಲೇಸಿಯ ಎಂದೇ ಬಿಡುವುದು ಸರಿ. ‘ಶವಪುಷ್ಪ’ ಎಂದರೆ ಆ ಹೆಸರಿಗೆ ಟೈಟನ್ ಆರಮ್ ಎಂಬ ಇನ್ನೊಂದು ಗಿಡವೂ ಹಕ್ಕು ಸಾಧಿಸುತ್ತದೆ. ಒಂದು ತಮಾಷೆಯನ್ನು ಮಾತ್ರ ಹೇಳದೆ ಇರಲಾರೆ: ನಿಜವಾದ ರಫ್ಲೇಸಿಯಕ್ಕೆ ಎಲೆಯೇ ಇಲ್ಲ, ಅದು ಬೇರೊಂದು ಬಳ್ಳಿಯ ಒಳಗೆ ಪರಾವಲಂಬಿಯಾಗಿ ಬದುಕುತ್ತದೆ. ಆಟದಲ್ಲಿ ಅದಾಗಲು ಬೇಕಾದದ್ದು ಎಲೆಗಲ್ಲು!

ಹೆಚ್ಚು ಯೋಚನೆಗೆ ಹಚ್ಚಿದ್ದು ಕಿರೆಯಿಹನ. ಜಪಾನೀ ವ್ಯಾಕರಣದಲ್ಲಿ ಕುಸಯಿ ಎಂಬ ಗುಣವಾಚಕ ನೇರವಾಗಿ ನಾಮಪದದ ಮುಂದೆ ನಿಲ್ಲುತ್ತದೆ. ಕಿರೆಯಿ ಹಾಗಲ್ಲ, ಅದಕ್ಕೆ ನಡುವೆ ‘ನ’ ಎಂಬ ಪ್ರತ್ಯಯ ಬೇಕು. ‘ಕಿರೆಯಿ ನ ಹನ’ ಎಂಬುದು ಮಾತಿನ ರೂಪ. ಹೆಸರಿನಲ್ಲಿ ಆ ‘ನ’ವನ್ನು ಕಳಚಿ, ಕುಸಯಿಹನದ ಅಚ್ಚಿಗೇ ಹೊಯ್ದಿದ್ದಾರೆ. ನಮ್ಮಲ್ಲಿಯೂ ‘ಚೆಂದದ ಹೂ’ ಎಂದರೆ ಮಾತು, ಹೆಸರಲ್ಲ. ಅದಕ್ಕಿಂತ ಮುಖ್ಯವಾದದ್ದು, ಕಿರೆಯಿ ಎಂದರೆ ಚೆಂದ ಮಾತ್ರವಲ್ಲ, ಶುಭ್ರ ಎಂದೂ ಹೌದು. ಗುಡಿಸಿ ಒರೆಸಿದ ಕೋಣೆಯೂ ಕಿರೆಯಿಯೇ. ಈ ಎರಡನೆಯ ಅರ್ಥ ಇಲ್ಲಿ ಸುಮ್ಮನೆ ಬಂದದ್ದಲ್ಲವೆಂದು ನನಗೆ ತೋರುತ್ತದೆ. ಕುಟುಂಬದ ಮಿಕ್ಕ ಮೂವರೂ ಸಸ್ಯ ಮತ್ತು ವಿಷ ಎಂಬ ಎರಡು ವರ್ಗಗಳಿಗೆ ಸೇರಿದವರು. ಬೆಲ್ಲಾಸಮ್ ಒಂದೇ ವಿಷವನ್ನು ಕಳೆದುಕೊಂಡು ಬರಿಯ ಸಸ್ಯವಾಗಿ ನಿಲ್ಲುತ್ತದೆ. ಚೆಂದವನ್ನೂ ಶುದ್ಧಿಯನ್ನೂ ಒಟ್ಟಿಗೆ ಹೇಳುವ ಕನ್ನಡ ಪದಕ್ಕಾಗಿ ತಡಕಾಡಿದಾಗ ಸಿಕ್ಕಿದ್ದು ‘ಚೊಕ್ಕ’. ಚೊಕ್ಕ ಚಿನ್ನ ಎಂದರೆ ಬೆರಕೆಯಿಲ್ಲದ್ದು, ಚೊಕ್ಕವಾಗಿದೆ ಎಂದರೆ ನೋಡಲು ಒಪ್ಪವಾಗಿದೆ. ‘ನಾರುಹೂ, ಚೊಕ್ಕಹೂ’ ಎಂಬ ಜೋಡಿ ನಾಲಗೆಗೂ ಹಿತವಾಗಿದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪದ, ಒಂದು ರೂಪದಿಂದ ಇನ್ನೊಂದಕ್ಕೆ ದಾಟುವುದನ್ನು ಹೇಳುವ ಮಾತು. ಜಪಾನಿಯಲ್ಲಿ ಅದು ‘ಶಿಂಕ’, ಜೀವವಿಕಾಸಕ್ಕೆ ಬಳಸುವ ಪದವೇ. ಒಂದೇ ಜೀವಿ ತನ್ನ ಬಾಳಿನಲ್ಲಿಯೇ ಬದಲಾಗುವುದರಿಂದ ‘ರೂಪಾಂತರ’ ಹೆಚ್ಚು ನಿಖರ ಎಂದು ವಿಜ್ಞಾನ ಬಲ್ಲವರು ಹೇಳುತ್ತಾರೆ, ಅದು ಸರಿಯೂ ಹೌದು. ಆದರೂ ಹೂವಿನ ಜೀವಿಗಳ ಮಟ್ಟಿಗೆ ‘ವಿಕಾಸ’ವನ್ನೇ ಉಳಿಸಿಕೊಳ್ಳಬೇಕೆಂದು ನನ್ನ ವಾದ, ಏಕೆಂದರೆ ಆ ಪದದ ಹಳೆಯ ಅರ್ಥವೇ ಅರಳುವುದು. ವಿಕಸಿತ ಕಮಲ ಎಂದರೆ ಅರಳಿದ ತಾವರೆ, ಡಾರ್ವಿನ್ನನ ತಾವರೆಯಲ್ಲ. ಒಂದು ತೊಡಕೂ ಇದೆ: ಗ್ಲೂಮ್‌ನ ಎತ್ತರ 0.8 ಮೀಟರ್, ತೂಕ 8.6 ಕಿಲೋ, ವಿಕಾಸವಾದ ಮೇಲೆ ಬೆಲ್ಲಾಸಮ್ 0.4 ಮೀಟರ್, 5.8 ಕಿಲೋ. ಅರ್ಧಕ್ಕರ್ಧ ಕುಗ್ಗುವ ಇದು ವಿಕಾಸವೋ ಸಂಕೋಚವೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಸನ್ ಸ್ಟೋನಿಗೆ ‘ಸೂರ್ಯಶಿಲೆ’ ಎಂದು ಹೊಸದಾಗಿ ಕಟ್ಟುವ ಬದಲು ‘ಸೂರ್ಯಕಾಂತ’ ಎನ್ನಬಹುದು. ಬಿಸಿಲು ತಾಗಿದರೆ ಕಿಡಿ ಕಾರುವ ಸೂರ್ಯಕಾಂತ ಶಿಲೆ ನಮ್ಮ ಕಾವ್ಯಗಳಿಗೆ ಹಳೆಯ ಪರಿಚಯದ್ದು. ಮೇಲಾಗಿ ಇದೇ ಕಲ್ಲಿನಿಂದ ಸನ್‌ಕರ್ನ್ ಎಂಬ ಬೀಜದ ಜೀವಿ ಸನ್‌ಫ್ಲೋರ ಎಂಬ ಸೂರ್ಯಕಾಂತಿ ಹೂವಿನ ಜೀವಿಯಾಗುತ್ತದೆ. ಸೂರ್ಯಕಾಂತದಿಂದ ಸೂರ್ಯಕಾಂತಿ: ಇದನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ನನ್ನ ಸಂದೇಹ ಉಳಿದಿರುವುದು ಎರಡು ಕಡೆ, ಬಲ್ಲವರು ತಿದ್ದಬೇಕು. ಆಡುಮಾತಿನಲ್ಲಿ ನಾರು ಎಂಬ ಕ್ರಿಯಾಪದ ಹೆಚ್ಚಾಗಿ ‘ಗಬ್ಬು ನಾರುತ್ತಿದೆ’ ಎಂದು ಜೊತೆಗಾರನನ್ನು ಕರೆದುಕೊಂಡೇ ಬರುತ್ತದೆ. ಒಂಟಿಯಾಗಿ ನಿಂತ ‘ನಾರು’ ಹತ್ತು ಹನ್ನೆರಡು ವರ್ಷದವರ ಕಿವಿಯಲ್ಲಿ ನಾತವನ್ನು ಎಬ್ಬಿಸುತ್ತದೆಯೇ, ಅಥವಾ ಅವರಿಗೆ ಬಾಳೆನಾರೇ ಮೊದಲು ಕಾಣುತ್ತದೆಯೇ? ಹಾಗೆಯೇ, ನಿಮ್ಮ ಬಳಕೆಯಲ್ಲಿ ‘ಚೊಕ್ಕ’ ಎಂಬುದು ಚೆಲುವನ್ನು ಹೇಳುತ್ತದೆಯೇ, ಇಲ್ಲವೇ ಬರಿಯ ಶುಚಿಯನ್ನೇ? ಅಕ್ಕನ ಮಗಳಂತೂ ಎರಡನ್ನೂ ಕೇಳಿ, ಚೊಕ್ಕಹೂ ಆಗಬಹುದು, ಇನ್ನೊಂದಕ್ಕೆ ಮಾತ್ರ ಗಬ್ಬುಹೂ ಎಂದೇ ಬರೆಯಬೇಕು ಎಂದು ಪಟ್ಟು ಹಿಡಿದಿದ್ದಾಳೆ.